ಐದನೇ ಕಂಪನಿ

ಲ್ಯಾಬಿನ ಕೀಲಿ ನನ್ನ ಹತ್ರ ಇರ್ತಾವ.
ಹತ್ತಕ್ಕ ಬಾಗಲಾ ತೆಗೆದು
ಇಪ್ಪತ್ತನಾಲ್ಕು ಪಡದೆ ಒರಸೋದ್ರಾಗ
ಉಪಾಸೆ ಮೇಡಂ ಬಂದು ಬೋರ್ಡಿನ ಮ್ಯಾಲ ಬರೀತಾರ:
‘ಇವತ್ತು ಎರಡು ವರ್ಷ.’

ಎರಡು ವರ್ಷ ಅಂದ್ರ ಊಟದ ಸುಟ್ಟಿ ತನಕ.
ಹದಿನೈದು ಮಿನಿಟಿಗೆ ಮೂರು ತಿಂಗಳು ಸರೀತಾವ.
ನಾಲ್ಕು ಗುಂಪು, ನಾಲ್ಕು ಕಂಪನಿ,
ನಾಲ್ಕೂ ಟವೆಲ್ಲಿನವ,
ಸೊಲ್ಲಾಪುರದಾಗ ಮತ್ತೇನ ಮಾಡಬೇಕು?
ನೂಲು ಎಷ್ಟು ಕೊಳ್ಳೋದು, ಸಾಲ ಎಷ್ಟು ಎತ್ತೋದು,
ಪಗಾರ ಎಷ್ಟು ಕೊಡೋದು,
ಎಲ್ಲಾ ಪಡದೆ ಮ್ಯಾಲಿನ ಸಣ್ಣ ಗುಂಡಿ.
ಎಡಕ್ಕ ಎಳದ್ರ ಕಡಿಮಿ, ಬಲಕ್ಕ ಎಳದ್ರ ಜಾಸ್ತಿ.

ಆ ಟವೆಲ್ಲಿಗೆ ತೂಕ ಇಲ್ಲ.
ಅರಳಿ ಧೂಳು ಮೂಗಿಗೆ ಏರೂದಿಲ್ಲ.
ಲೂಮಿನ ಸಪ್ಪಳ ಇಲ್ಲ, ಅದಕ್ಕ ಹುಡುಗುರು
ಪಿಸುಪಿಸು ಮಾತಾಡಿಕೋತ ಕಾರಖಾನಿ ನಡಸ್ತಾರ.
ನಾವು ಇಪ್ಪತ್ತೆರಡು ವರ್ಷ ಕೈಸನ್ನಿ ಮ್ಯಾಲ ಮಾತಾಡಿದವರು.
ಇನ್ನೂ ಉಪ್ಪು ಕೇಳಬೇಕಾದ್ರ ನಾ ಚೀರತೀನಿ,
ಓಣಿಗೆಲ್ಲಾ ಕೇಳ್ತದ ಅಂತ ಹೆಂಡ್ತಿ ಬೈತಾಳ.

‘ಕಾಕಾ, ಎಪ್ಪತ್ತೆರಡಕ್ಕ ಮಾರಲೋ, ಎಪ್ಪತ್ತೊಂಬತ್ತಕ್ಕೋ?’
ಮಹಾನಂದಾ ಬಿರಾಜದಾರ ಕೇಳ್ತಾಳ.
‘ಮೊದಲ ನೀರಾಗ ಅದ್ದಿ ನೋಡವಾ, ಬಣ್ಣ ಬಿಡ್ತದೇನು.’
ಆಕಿ ನಕ್ಕಳು:
‘ಇದರಾಗ ನೀರಿನ ಗುಂಡಿನ ಇಲ್ಲ ಕಾಕಾ.’

ಇಮ್ತಿಯಾಜನ ಕಂಪನಿ ಎರಡು ಸಲ ಮುಳುಗಿತು.
ಮೇಡಂ ಸಿಟ್ಟಾಗಲಿಲ್ಲ.
‘ಇಲ್ಲೇ ಮುಳುಗ್ರಿ,’ ಅಂದ್ರು, ‘ಇಲ್ಲೆ ಪುಕ್ಕಟ.’
ಮೂರನೇ ಸಲ ಅಂವಾ ವಹಿಯಾಗ ಬರಕೊಂಡ:
ಮಾಲು ಒಟ್ಟಬ್ಯಾಡ. ದೊಡ್ಡ ಬಡ್ಡಿ ಮೊದಲ ತೀರಿಸು.
ನಮ್ಮ ಮಾಲಕಗ ಇದು ತಿಳಿಲಿಕ್ಕೆ
ಒಂಬತ್ತು ವರ್ಷ ಹಿಡೀತು.
ತಿಳಿಯೋದ್ರಾಗ ಲೂಮು ಗುಜರಿಗೆ ಹೋಗಿದ್ವು.

ಶನಿವಾರ ಎಲ್ಲಾರೂ ಹೋದಮ್ಯಾಲ
ಫ್ಯಾನ್ ಬಂದ ಮಾಡಲಿಕ್ಕೆ ಹೋದವ ಕುಂತುಬಿಟ್ಟೆ.
ಯಾರೂ ಬ್ಯಾಡ ಅನ್ನಲಿಲ್ಲ.
ಕಂಪನಿ ಹೆಸರು ಕೇಳ್ತು ಮಷೀನು,
ನಮ್ಮವ್ವನ ಹೆಸರು ಕೊಟ್ಟೆ: ಗೌರವ್ವ ಟೆಕ್ಸ್‌ಟೈಲ್.
ಮೊದಲನೇ ಪಾಳಿಗೇ ಪಗಾರದ ಗುಂಡಿ
ಬಲಕ್ಕ ಎಳದೆ. ಏನು ಖುಷಿ ಅಂತೀರಿ!
ಮತ್ತಿಷ್ಟು ಎಳದೆ.
ದೀಪಾವಳಿ ಬೋನಸ್ಸಿಗೆ ಗುಂಡಿ ಹುಡುಕಿದೆ, ಸಿಗಲಿಲ್ಲ.
ಎರಡನೇ ಪಾಳಿಗೆ ಅಂಕಿ ಕೆಂಪಾದ್ವು.
ಮೂರಕ್ಕ ಸಾಲ.
ನಾಕಕ್ಕ ನೂಲಿನ ದರ ಏರಿತು, ಮೂಲ್ಯಾಗ ಒಂದು ಗಂಟಿ
ಟಿಣ್ ಟಿಣ್ ಬಡಕೊಳ್ಳಿಕ್ಕೆ ಹತ್ತಿತು.

ಕೆಲಸಗಾರರು: ನಲವತ್ತು.
ಆ ಗುಂಡಿ ಹಿಡದು ಎಡಕ್ಕ ಎಳದೆ.
ಕೈ ನಡುಗಲಿಲ್ಲ. ಸುಳ್ಳು ಯಾಕ ಹೇಳ್ಲಿ.
ಇಪ್ಪತ್ತೊಂಬತ್ತಕ್ಕ ನಿಂತಿತು.
ಮಷೀನು ಇಂಗ್ಲೀಷಿನ್ಯಾಗ ಕೇಳ್ತು: ಖರೇನಾ?
ಹೌದು ಅನ್ನೋದನ್ನ ಒತ್ತಿದೆ.
ಗೇಟಿನ ಹತ್ರ ಡಬ್ಬಿ ಹಿಡಕೊಂಡು ಯಾರೂ ನಿಂದರಲಿಲ್ಲ.
ಅಂಕಿ ಹಸರಾದ್ವು.
ಲೈಟ್ ತೆಗದು, ಕೀಲಿ ತಿರುಗಿಸಿ,
ಸೈಕಲ್ ಸ್ಟ್ಯಾಂಡಿನ ತನಕ ಖುಷಿಲೇ ಬಂದೆ.

ಅಲ್ಲೆ ಲೆಕ್ಕಾ ಹತ್ತಿತು.
ನಲವತ್ತರಾಗ ಇಪ್ಪತ್ತೊಂಬತ್ತು ಹೋದ್ರ.
ಅಕ್ಕಲಕೋಟ ರೋಡಿನ ಆ ಶೆಡ್ಡಿನ್ಯಾಗ
ಆ ಮಂಗಳವಾರ ನಾವೂ ಅಷ್ಟೇ ಮಂದಿ ಇದ್ವಿ.
ಮಾಲಕ ತಲಿ ಎತ್ತಲಿಲ್ಲ.
ಸೊಕ್ಕು ಅಂತ ಕೆಲವರು ಅಂದ್ರು, ನಾಚಿಕಿ ಅಂತ ನಾ ಅಂದಿದ್ದೆ,
ಹದಿನಾಲ್ಕು ವರ್ಷ ಹಂಗ ನಂಬಿದ್ದೆ.
ಅಂವಾ ಬರೇ ಅಂಕಿ ನೋಡ್ತಿದ್ದ.

ಸೋಮವಾರ ಪಡದೆ ಹಚ್ಚಿದ್ರ
ನಾಲ್ಕಿದ್ದ ಪಟ್ಟಿಯಾಗ ಐದು ಹೆಸರು.
‘ಯಾರಿದು ಗೌರವ್ವ? ಎರಡನೇ ನಂಬರ್ ಬಂದಾಳಲ್ಲ!’
ಮೇಡಂ ನಗಲಿಕ್ಕೆ ಹತ್ತಿದ್ರು.
ನನ್ನ ಕೈಯಾಗಿನ ಒರಸೋ ಅರಬಿ ಅಲ್ಲೇ ನಿಂತಿತು.
‘ಅಳಿಸಿಬಿಡ್ಲೇನ್ರಿ?’ ಅಂದೆ.
‘ಅಳಸಬ್ಯಾಡ ಕಾಕಾ,’ ಮಹಾನಂದಾ ಅಂದಳು,
‘ನಾಲ್ಕನೇ ಪಾಳ್ಯಾಗ ಏನ ಮಾಡಿದಿ, ಅದನ್ನ ಹೇಳು.’

ಇಪ್ಪತ್ತನಾಲ್ಕು ಮಾರಿ ತಿರುಗಿದ್ವು.
ಚೀರೋ ಗಂಟಲಾ ನಂದು, ಅವತ್ತು ಏಳಲಿಲ್ಲ.
ಲೂಮಿನ ನಡುವ ನಿಂತವರಂಗ ಕೈ ಎತ್ತಿದೆ:
ಹತ್ತು ಬೆರಳು.
ಆಮ್ಯಾಲ ಒಂದು.