ಬಸ್ ನಲವತ್ತೊಂದು

ಈ ಮೇಜಿನ ಸುತ್ತ ನಿನಗೆ ಯಾರ್‍ಯಾರು ಬೇಕು ಎಂದು ಕೇಳಿದ್ದಕ್ಕೆ
ಯಾದಿಯೆಲ್ ಬರೆದುಕೊಟ್ಟದ್ದು ಎರಡೇ ಹೆಸರು.
ಒಂದು ಅವನ ಅಜ್ಜಿಯದು.
ಇನ್ನೊಂದು, ‘ಬಸ್ ೪೧’.
ಬಸ್ಸಿಗೆ ಮೆಟ್ಟಿಲು ಹತ್ತಲು ಬರುವುದಿಲ್ಲ, ನಾನು ಹೋದೆ.

ಲೊರೇನ್ ಊರಿನ ಗ್ರಂಥಾಲಯ, ಮಹಡಿಯ ಮೇಲೊಂದು ಕೋಣೆ.
ಕಿಟಕಿಯಾಚೆ ಈರಿ ಸರೋವರ ಬೂದು,
ಮೇಲೆ ಅದಕ್ಕಿಂತ ಒಂದು ಕೈ ಹೆಚ್ಚು ಬೂದಾದ ಆಕಾಶ.
ಹದಿನಾಲ್ಕು ವರ್ಷ ಹಳದಿ ಬಸ್ಸು ಓಡಿಸಿದ್ದೇನೆ,
ಕುರ್ಚಿ ಎಳೆದು ‘ಕೂತ್ಕೊಳ್ಳಿ ವರ್ನಾ’ ಅಂದವರು ಇವರೇ ಮೊದಲು.
ಕೋಟು ಬಿಚ್ಚಲಿಲ್ಲ. ಡೀಸೆಲ್ ವಾಸನೆ ನನಗೇ ಬಡಿಯುತ್ತಿತ್ತು.

ಕೊರಿನ್ ಎಂಬಾಕೆ ಎಲ್ಲರನ್ನೂ ಕೂಡಿಸಿದವಳು.
ಅವಳ ಮುಂದೆ ಹನ್ನೊಂದು ಫೈಲು;
ಎದುರಿಗೆ ಒಬ್ಬನೇ ಹುಡುಗ, ಟೋಪಿಯೊಳಗೆ ಮುಖ ಎಳೆದುಕೊಂಡು
ಅದರ ದಾರ ಅಗಿಯುತ್ತ.
ಆಸ್ಪತ್ರೆಯ ಕಾಗದದಲ್ಲಿ ಅವನಿಗೆ ಮೂರು ಕಾಯಿಲೆ,
ಕೋರ್ಟಿನ ಕಾಗದದಲ್ಲಿ ಒಡೆದ ಗಾಜೊಂದರ ಬೆಲೆ, ಸೆಂಟುಗಳ ಸಮೇತ.
ಮಂಗಳವಾರ ಮೂರೂವರೆಗೆ ಆಪ್ತಸಲಹೆ,
ಅದೇ ಮಂಗಳವಾರ, ಅದೇ ಮೂರೂವರೆಗೆ, ಪ್ರೊಬೇಷನ್ ಕಚೇರಿಯಲ್ಲಿ ಸಹಿ.
ಒಂದು ಕಡೆ ಹೋದರೆ ಇನ್ನೊಂದು ಪುಸ್ತಕದಲ್ಲಿ ಗೈರುಹಾಜರಿ.
ವೈದ್ಯೆ ಕೊಟ್ಟ ಮಾತ್ರೆ ನಿದ್ದೆ ತರುತ್ತದೆ,
ತರಗತಿಯಲ್ಲಿ ನಿದ್ದೆ ಹೋದದ್ದಕ್ಕೆ ಗಣಿತದ ಮೇಷ್ಟ್ರು ಚೀಟಿ ಬರೆಯುತ್ತಾರೆ.
ಇದನ್ನೆಲ್ಲ ಅವರು ಒಬ್ಬರಿಗೊಬ್ಬರು ಹೇಳಿಕೊಂಡದ್ದು
ಅವತ್ತೇ ಮೊದಲು.

ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ.
ಯಾರೂ ಕೆಟ್ಟವರಲ್ಲ.
ಪ್ರತಿಯೊಬ್ಬರೂ ಹೊರಿಸಿದ್ದು ಒಂದೇ ಒಂದು ಕಡ್ಡಿ.

ತಾಯಿ ಇವೆಟ್ ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದಳು,
ಕೂದಲ ಬಲೆ ಇನ್ನೂ ತಲೆಯ ಮೇಲೇ.
ಅಜ್ಜಿ ಚೀಲದಿಂದ ಪುಟ್ಟ ಪುಸ್ತಕ ತೆಗೆದಳು,
ಒಳಗೆ ಹತ್ತೊಂಬತ್ತು ಫೋನ್ ನಂಬರು.
ರಾತ್ರಿ ಎರಡು ಗಂಟೆಗೆ ಇವನು ಗೋಡೆಗೆ ತಲೆ ಚಚ್ಚಿಕೊಳ್ಳುವಾಗ
ಇದರಲ್ಲಿ ಯಾರಿಗೆ ಮಾಡಲಿ?
ಕೇಳಿದ್ದು ಸ್ಪ್ಯಾನಿಷಿನಲ್ಲಿ. ಇವೆಟ್ ಇಂಗ್ಲಿಷಿಗೆ ತಿರುಗಿಸುವ ಮೊದಲೇ
ಎಲ್ಲರಿಗೂ ಅರ್ಥವಾಗಿತ್ತು.
ಪರದೆಯ ಮೇಲೆ ವೈದ್ಯೆಯ ಮುಖ ಅಲ್ಲಾಡದೆ ನಿಂತಿತು,
ನೆಟ್‌ವರ್ಕೋ, ನಾಚಿಕೆಯೋ.
ಕೊರಿನ್ ಮೊದಲ ಪುಟದಲ್ಲಿ ತನ್ನ ನಂಬರು ಬರೆದಳು:
ಇದೊಂದಕ್ಕೆ ಮಾಡಿ. ಉಳಿದದ್ದು ನನ್ನ ತಲೆನೋವು.

ಆಮೇಲೆ ನನ್ನ ಕಡೆ ತಿರುಗಿದರು.
ಬಸ್ಸಿನಲ್ಲಿ ಅವನು ರೇಗಿದಾಗ ಏನು ಮಾಡುತ್ತೀರಿ?

ಏನೂ ಮಾಡುವುದಿಲ್ಲ, ಅಂದೆ.
ಇಪ್ಪತ್ತೆಂಟನೇ ಬೀದಿಯಲ್ಲಿ ರೈಲುಹಳಿ ಇದೆ.
ದಾಟುವ ಮೊದಲು ಬಸ್ಸು ನಿಲ್ಲಿಸಿ, ಬಾಗಿಲು ತೆರೆದು,
ಕಿವಿಗೊಟ್ಟು ಕೇಳಬೇಕು. ನಮ್ಮ ಕೆಲಸದಲ್ಲಿ ಅದು ಕಾನೂನು.
ಗೂಡ್ಸ್ ಬಂದರೆ ಅವನು ಡಬ್ಬಿ ಎಣಿಸುತ್ತಾನೆ.
ನಾನೂ ಎಣಿಸುತ್ತೇನೆ. ಹೊಂದದಿದ್ದರೆ ಜಗಳ.
ಅಷ್ಟೇ.

ಕೊರಿನ್ ಅದನ್ನೂ ಬರೆದುಕೊಂಡಳು.
ಮಾತ್ರೆಯ ಪ್ರಮಾಣದ ಕೆಳಗೆ, ಹೊಸ ವೇಳಾಪಟ್ಟಿಯ ಮೇಲೆ,
‘ವರ್ನಾ: ಡಬ್ಬಿ ಎಣಿಕೆ.’
ಟೋಪಿಯೊಳಗಿಂದ ಒಂದು ಕಣ್ಣು ಹೊರಬಂದು, ನೋಡಿ, ಒಳಗೆ ಹೋಯಿತು.

ಇಷ್ಟರಿಂದ ವಾಸಿಯಾದ ಅನ್ನುವ ಕಥೆ ಇದಲ್ಲ.
ಫೆಬ್ರವರಿಯಲ್ಲಿ ಅವನನ್ನು ಕೊಲಂಬಸ್ಸಿಗೆ ಒಯ್ದರು,
ಹತ್ತೊಂಬತ್ತು ದಿನ.
ನನ್ನ ಬೆನ್ನಿನ ಸೀಟು ಖಾಲಿ. ಅಲ್ಲಿ ಬೇರೆ ಮಕ್ಕಳು ಕೂರಹೋದರೆ
ಸೀಟು ಒದ್ದೆ ಎಂದು ಸುಳ್ಳು ಹೇಳಿದೆ.
ಕೊರಿನ್ ಫೋನ್ ಮಾಡಿ, ಅವನು ಬರುವ ವಾರ
ಬಸ್ಸಿನ ದಾರಿ ಬದಲಾಗದ ಹಾಗೆ ನೋಡಿಕೊಳ್ಳಿ ಅಂದಳು.
ನೋಡಿಕೊಂಡೆ.

ಬಂದ ಬೆಳಗ್ಗೆ ಗಲ್ಲದ ಎಲುಬು ಎದ್ದಿತ್ತು, ಕೈ ಸಣ್ಣಗೆ ನಡುಗುತ್ತಿತ್ತು.
ನಮಸ್ಕಾರವಿಲ್ಲ, ಏನಿಲ್ಲ.
ಡೀಸೆಲ್ ರಸೀದಿಯ ಬೆನ್ನಿಗೆ ಗೀಚಿಟ್ಟಿದ್ದನ್ನು ಹಿಂದಕ್ಕೆ ಚಾಚಿದೆ:
ಅವನಿಲ್ಲದಾಗ ಹೋದ ಗೂಡ್ಸುಗಳು, ದಿನಾಂಕ, ಡಬ್ಬಿಗಳ ಲೆಕ್ಕ.

ಎರಡು ಬೀದಿಯುದ್ದಕ್ಕೂ ಓದಿದ.

‘ನೀನು ಇಂಜಿನ್ನನ್ನೂ ಸೇರಿಸಿದ್ದೀಯ,’ ಅಂದ,
‘ಇಂಜಿನ್ನು ಲೆಕ್ಕಕ್ಕಿಲ್ಲ.’