ಭಾಗ ಸಂಖ್ಯೆ ನಲವತ್ತೊಂದು

ಅಂಗನವಾಡಿಯ ಮಕ್ಕಳು ಮಲಗಿದ ಮೇಲೆ
ಪಟ್ಟಿ ಬಿಚ್ಚುತ್ತೇನೆ. ಸಾವಿರದ ನೂರಾರು ಹೆಸರು.
ಕೆಂಪು ಪೆನ್ನು ಸತ್ತವರಿಗೆ, ಹಸಿರು ಹದಿನೆಂಟು ತುಂಬಿದವರಿಗೆ.
ಮೇಲೆ ಅಚ್ಚಾಗಿದೆ: ಮತಗಟ್ಟೆ, ಸಿಂಪಿಬಾಗ ಶಾಲೆ.
ಸಿಂಪಿಬಾಗ ಈಗ ಬೇಲಿಯ ಒಳಗಿದೆ.
ಶಾಲೆ ಮಾತ್ರ ನಮ್ಮ ಜೊತೆ ಲಾರಿ ಹತ್ತಿ
ಕಾಲನಿಗೆ ಬಂತು,
ಗಂಟೆ, ಬೋರ್ಡು, ಒಂದು ಕಾಲಿಲ್ಲದ ಬೆಂಚಿನ ಸಮೇತ.

ಇನ್ನೂರ ಹನ್ನೆರಡನೆಯ ಹೆಸರು ನನ್ನ ಅಜ್ಜಿ.

ಮೊಟ್ಟಮೊದಲ ಪಟ್ಟಿ ಬರೆಯಲು ಬಂದ ಗುಮಾಸ್ತ
ಅಂಗಳದಲ್ಲಿ ಕೊಡೆ ಊರಿ ಕೇಳಿದನಂತೆ, ಹೆಸರು?
ಅವಳು ಬಂಗಡೆ ಒಣಹಾಕುತ್ತಿದ್ದಳು, ತಲೆ ಎತ್ತಲಿಲ್ಲ.
"ನಮ್ಮ ಜಟ್ಟಿ ಹೆಂಡ್ತಿ" ಅಂದಳು ಅತ್ತೆ.
ಹಾಗೆಯೇ ಬರೆದುಕೊಂಡು ಹೋದ.
ಯಾರದೋ ಹೆಂಡತಿ ಎಂಬುದು ಹೆಸರಲ್ಲವೆಂದು
ಮೇಲಿನವರು ಹೊಡೆದು ಹಾಕಿದರು.

ಆ ಚುನಾವಣೆಯಲ್ಲಿ ಅವಳ ಪಾಲಿಗೆ ಬಂದದ್ದು
ಪೆಟ್ಟಿಗೆ ಹೊತ್ತು ದೋಣಿ ಇಳಿದ ಮೂವರಿಗೆ
ಬಸಳೆ ಹಾಕಿದ ಸಿಗಡಿ ಸಾರು ಬಡಿಸುವುದು.
ಒಬ್ಬ ಮೀನು ತಿನ್ನುವವನಲ್ಲ.
ಅವನ ಮಜ್ಜಿಗೆಗೆ ಎರಡು ಮೈಲಿ ನಡೆದಳು.
ಮುಂದೆ ಮತ ಹಾಕಲು ನಡೆದದ್ದಕ್ಕಿಂತ
ಆ ನಡಿಗೆಯೇ ಅವಳಿಗೆ ಹೆಚ್ಚು ನೆನಪಿತ್ತು.

ಎರಡನೆಯ ಸಲ ಅವಳೇ ಬಾಯಿ ಬಿಟ್ಟಳು: ಬುದವಂತಿ.
ಒತ್ತಕ್ಷರ ಎಲ್ಲೋ ಬಿದ್ದುಹೋಗಿತ್ತು. ಆದರೂ ಹೆಸರು.

ಆಗ ಗೋಡೆಗಳ ಮೇಲೆಲ್ಲ ಜೋಡೆತ್ತು.
ನಮ್ಮಲ್ಲಿ ಎತ್ತು ಎಲ್ಲಿ? ನಾವು ಉಳುವುದು ಉಪ್ಪುನೀರು.
ಎತ್ತಿನ ಚಿತ್ರದ ಡಬ್ಬಿಗೆ ಚೀಟಿ ಬಿಟ್ಟು
ಕೈಮುಗಿದು ಬಂದಳು, ಹುಂಡಿಯೆಂದುಕೊಂಡು.

ಮೊದಲು ಊರು ಮುಂಬಯಿಯ ಸಭೆಗೆ ಆಳು ಕಳಿಸಿತ್ತು,
ಆಮೇಲೆ ಮೈಸೂರಿನದಕ್ಕೆ, ಆಮೇಲೆ ಕರ್ನಾಟಕದ್ದಕ್ಕೆ.
ಮೂರು ರಾಜ್ಯ ಸುತ್ತಿದಳು ಅಜ್ಜಿ,
ಒಣಮೀನಿನ ಕಾಗೆ ಓಡಿಸುತ್ತ, ಕೂತಲ್ಲೇ.

ರಂಪಣಿಗೆ ಟ್ರಾಲರು ಅಡ್ಡ ಬಂದ ಕಾಲದಲ್ಲಿ
ನಮ್ಮ ಗಣಪು ತಾಂಡೇಲನೇ ನಿಂತ.
ಪಕ್ಷೇತರ, ಗುರುತು ದೋಣಿ.
ಬಲೆಯ ಪಾಲು ಮಾರಿ ಠೇವಣಿ ಕಟ್ಟಿದ.
ಅವನ ಬಲೆ ಎಳೆಯಲು ಎಂಬತ್ತು ಜನ ಬರುತ್ತಿದ್ದರು,
ನಮ್ಮ ಮತಗಟ್ಟೆಯಲ್ಲಿ ಬಿದ್ದ ಮತ ಮೂವತ್ತೊಂದು.
ಆ ರಾತ್ರಿ ದಂಡೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ.
ಗಣಪು ಒಬ್ಬನೇ ನಕ್ಕ:
"ಕಡಲಿಗೆ ಹಾಕ್ದಂಗೆ. ಅದೆಂತಾ ವಾಪಸ್ ಕೊಡ್ತದಾ?"
ಅಜ್ಜಿ ಯಾರಿಗೆ ಹಾಕಿದ್ದೆಂದು
ಯಾರಿಗೂ ಹೇಳಲಿಲ್ಲ, ಅವನಿಗೂ.

ಗೆದ್ದವರ ಹೆಸರು ಈ ಪಟ್ಟಿಯಲ್ಲಿ ಇರುವುದಿಲ್ಲ.
ಎಲ್ಲರೂ ಬಂದರು ತರುತ್ತೇವೆಂದು ಬಂದರು.
ಎಣಿಕೆಯ ಸಂಜೆ ಕೇರಿ ಕೇಳುತ್ತಿತ್ತು, ಯಾರು ಬಂದರು?
ಕೊನೆಗೆ ಬಂದರೂ ಬಂತು,
ಬೂದುಬಣ್ಣದ ಹಡಗುಗಳಿಗೆ.
ಮೂರು ರಾಜ್ಯ ಬದಲಾದಾಗ ಕದಲದ ಅಂಗಳ
ರಾಜ್ಯ ನೆಟ್ಟಗೆ ನಿಂತಿದ್ದಾಗ ಕದಲಿತು.
ಕ್ಷೇತ್ರ ಅದೇ. ಭಾಗ ಸಂಖ್ಯೆ ಅದೇ.
ಬಾವಿಯ ನೀರು ಬೇರೆ.

ಕಳೆದ ಸಲ ರಿಕ್ಷಾದಲ್ಲಿ ಕರೆದೊಯ್ದೆ.
ಯಂತ್ರ ಕೂಗಿದ್ದಕ್ಕೆ ಬೆಚ್ಚಿ
ಏನೋ ತಪ್ಪಾಯಿತೆಂದು ಇನ್ನೊಮ್ಮೆ ಒತ್ತಿದಳು.
ಎಣಿಕೆಯ ದಿನ ಹಾಸಿಗೆಯಿಂದಲೇ ಕೇಳಿದಳು,
"ಯಾರ್ ಬಂದ್ರು?"
ಹೆಸರು ಹೇಳಿದೆ. ಬಾಗಿಲ ಕಡೆ ನೋಡಿದಳು.
"ಒಳಗೆ ಕರಿಯೇ. ಊಟದ ಹೊತ್ತು."

ಇಪ್ಪತ್ತು ದಿನ ಬಿಟ್ಟು, ಮೀಯಿಸುವಾಗ ಕಂಡೆ:
ಎಡಗೈ ತೋರುಬೆರಳ ಕರಿ
ಉಗುರಿನ ಬುಡ ಬಿಟ್ಟು ಮೇಲೇರಿತ್ತು,
ಕೆಳಗೆ ಒಂದು ಭತ್ತದ ಕಾಳಿನಷ್ಟು ಬಿಳಿ.

ನಮೂನೆ ಏಳು. ಕಾರಣ: ಮರಣ.
ಮೂರು ತಿಂಗಳಿಂದ ಕೆಂಪು ಪೆನ್ನಿನ ಮುಚ್ಚಳ ತೆಗೆದು
ಹಾಕುತ್ತಿದ್ದೇನೆ. ಒಮ್ಮೆ ಹೊಡೆದು ಹಾಕಿದ್ದಾರಲ್ಲ ಇವಳನ್ನು,
ನಾನೂ ಯಾಕೆ.

ಬಾಗಿಲಲ್ಲಿ ಗಣಪುವಿನ ಮೊಮ್ಮಗಳು ಶ್ರಾವ್ಯಾ,
ನಿನ್ನೆಗೆ ಹದಿನೆಂಟು. ಹಸಿರು ಪೆನ್ನು ಕೊಡುತ್ತೇನೆ.
ಅರ್ಧ ತುಂಬಿ ನಿಲ್ಲುತ್ತಾಳೆ.
"ಊರು ಅಂತ ಇದೆ, ಅಕ್ಕೋರೆ.
ಯಾವುದು ಬರೀಲಿ?"