ಬಲೆಗಣ್ಣು

ಹಲ್ ಊರಿನ ಹೆಸಲ್ ರಸ್ತೆಯಲ್ಲಿ ನಮ್ಮ ಅಂಗಡಿ.
ಶುಕ್ರವಾರದ ಶವಸಂಸ್ಕಾರಕ್ಕೆ ನಾಲ್ಕು ಪುಟದ ಪ್ರಾರ್ಥನಾಪತ್ರ,
ನಾಲ್ಕೇ ಬೆರಳಗಲದ ಅಂಕಣ.
ತೆರೆಯ ಮೇಲೆ ತಂತ್ರಾಂಶ ಅವರ ಗಂಡನನ್ನು ಸೀಳಿಟ್ಟಿತ್ತು:
ಬಾರ್ಥ-
ಲೊಮ್ಯೂ.

"ಅವನನ್ನ ಮುರೀಬೇಡ" ಎಂದರು ವಿನಿಫ್ರೆಡ್.

ಅಡ್ಡಗೆರೆ ಬೇಡವೆಂದೆ. ಹೆಸರು ಇಡಿಯಾಗಿ ಕೆಳಗಿಳಿಯಿತು;
ಮೇಲಿನ ಸಾಲು, ಅಂಚು ಮುಟ್ಟುವ ಹಟಕ್ಕೆ,
ಪದಪದದ ನಡುವೆ ಬೊಚ್ಚುಬಾಯಿ ತೆರೆಯಿತು.
ಕನಿಷ್ಠ ಶೇಕಡಾ ಎಂಬತ್ತು, ಗರಿಷ್ಠ ನೂರ ಮೂವತ್ತು,
ನೂರಿಪ್ಪತ್ತೈದು, ನೂರ ಹದಿನೆಂಟು...
ಕಣ್ಣು ಉರಿಯಿತು.

ಅವರು ಚೀಲದಿಂದ ಚಪ್ಪಟೆ ಮರದ ತುಂಡು ತೆಗೆದು
ತೆರೆಗೆ ಹಿಡಿದರು:
ಬಲೆ ಹೆಣೆಯುವವನ ಅಳತೆಪಟ್ಟಿ, ಅಂಚು ಸವೆದದ್ದು.
"ಕಣ್ಣು ದೊಡ್ಡದಾದ್ರೆ ಮೀನು ಹೋಗುತ್ತೆ ಅನ್ನೋನು.
ಇಲ್ಲಿ ಎಲ್ಲಾ ಹೋಗ್ತಿದೆ."

ಆಮೇಲೆ ಹೆಸರಿನ ಹಿಂದಿನ ಪದದ ಮೇಲೆ ಬೆರಳಿಟ್ಟರು.
"ಇದು ತೆಗಿ. ಪ್ರೀತಿಯ.
ಅವನಿಗೆ ಗೊತ್ತಿತ್ತು."

ಅಳಿಸಿದೆ.
ಬಾರ್ಥಲೊಮ್ಯೂ ಮೇಲೇರಿ ಬಂದು
ಸಾಲಿನ ತುದಿಯಲ್ಲಿ ಕೂತ,
ಪಕ್ಕದ ಪದಕ್ಕೆ ಒಂದು ಕಣ್ಣಿನಷ್ಟೇ ಜಾಗ ಬಿಟ್ಟು.

ದುಡ್ಡು ಎಣಿಸುತ್ತಾ ಕೇಳಿದರು:
"ಒಂದು ಪದ ಕಮ್ಮಿಯಾಯ್ತಲ್ಲ,
ಅದಕ್ಕೇನೂ ಬಿಡಲ್ವಾ?"